ಬಳಕೆದಾರ ಮತ್ತು ಗುಂಪು ಗುರುತುಗಳ ಹೊಂದಾಣಿಕೆ

ವಿಂಡೋಸ್, ಲಿನಕ್ಸ್, ಮ್ಯಾಕ್‌ಓಎಸ್ ಮೊದಲಾದ ಕಾರ್ಯಾಚರಣಾ ವ್ಯವಸ್ಥೆಗಳು ಒಂದೇ ಜಾಲದಲ್ಲಿ ಕಡತಗಳನ್ನು ಹಂಚಿಕೊಳ್ಳುವಾಗ, ಒಂದು ವ್ಯವಸ್ಥೆಯ ಬಳಕೆದಾರ ಅಥವಾ ಗುಂಪು ಇನ್ನೊಂದರಲ್ಲಿ ಯಾರೆಂದು ಗೊತ್ತುಪಡಿಸುವ ಕ್ರಮ. ಸಿಸ್ಟಮ್ ಅಡ್ಮಿನ್‌ಗಳ ಬಾಯಲ್ಲಿ ಇದು ‘ಐಡಿ ಮ್ಯಾಪಿಂಗ್’. ಎರಡೂ ಕಡೆ ಲಾಗಿನ್ ಹೆಸರು ಒಂದೇ ಇದ್ದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹೆಸರು ಮನುಷ್ಯರ ಅನುಕೂಲಕ್ಕೆ. ಡಿಸ್ಕಿನಲ್ಲಿ ಕಡತದ ಒಡೆತನ ದಾಖಲಾಗುವುದು ಸಂಖ್ಯೆಯ ರೂಪದಲ್ಲಿ.

ಗುರುತಿನ ಬಗೆಗಳು

ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳಲ್ಲಿ ಪ್ರತಿ ಬಳಕೆದಾರನಿಗೆ ಯುಐಡಿ, ಪ್ರತಿ ಗುಂಪಿಗೆ ಜಿಐಡಿ ಎಂಬ ಪೂರ್ಣಾಂಕವಿರುತ್ತದೆ. ರೂಟ್ ಎಂಬ ಸರ್ವಾಧಿಕಾರದ ಖಾತೆಯ ಸಂಖ್ಯೆ ಎಲ್ಲೆಡೆ 0. ಉಳಿದ ಸಂಖ್ಯೆಗಳಿಗೆ ಆಯಾ ಯಂತ್ರದೊಳಗಷ್ಟೇ ಅರ್ಥ. ಮೊದಲ ಸಾಮಾನ್ಯ ಬಳಕೆದಾರನಿಗೆ ಇಂದಿನ ಹೆಚ್ಚಿನ ಲಿನಕ್ಸ್ ವಿತರಣೆಗಳು 1000 ಕೊಟ್ಟರೆ, ಮ್ಯಾಕ್‌ಓಎಸ್ 501 ಕೊಡುತ್ತದೆ.

ವಿಂಡೋಸ್‌ನ ಗುರುತು ಎಸ್‌ಐಡಿ. ಅದು ‘ಎಸ್-1-5-21’ ಎಂದು ಶುರುವಾಗಿ, ಡೊಮೇನ್ ಅಥವಾ ಯಂತ್ರವನ್ನು ಸೂಚಿಸುವ ಮೂರು ದೊಡ್ಡ ಸಂಖ್ಯೆಗಳನ್ನು ದಾಟಿ, ಆರ್‌ಐಡಿ ಎಂಬ ಕೊನೆಯ ಸಂಖ್ಯೆಯಲ್ಲಿ ಮುಗಿಯುತ್ತದೆ. ಅಡ್ಮಿನಿಸ್ಟ್ರೇಟರ್‌ನ ಆರ್‌ಐಡಿ 500, ‘ಡೊಮೇನ್ ಯೂಸರ್ಸ್’ ಗುಂಪಿನದು 513. ಇಷ್ಟುದ್ದದ ಎಸ್‌ಐಡಿ 32 ಬಿಟ್‌ನ ಯುಐಡಿಯೊಳಗೆ ಹಿಡಿಸದು. ಆದ್ದರಿಂದಲೇ ನಡುವೆ ಒಂದು ಕೋಷ್ಟಕವೋ ಸೂತ್ರವೋ ಬೇಕಾಗುತ್ತದೆ.

ಎನ್‌ಎಫ್‌ಎಸ್‌ನಲ್ಲಿ ತೊಡಕು

ಯುನಿಕ್ಸ್ ಕುಟುಂಬದೊಳಗೂ ಈ ತಾಪತ್ರಯ ತಪ್ಪಿದ್ದಲ್ಲ. ಜಾಲದ ಮೂಲಕ ಕಡತ ಹಂಚುವ ಎನ್‌ಎಫ್‌ಎಸ್ ಎಂಬ ವ್ಯವಸ್ಥೆಯ 3ನೇ ಆವೃತ್ತಿಯ ಸಾಮಾನ್ಯ ಬಳಕೆಯಲ್ಲಿ ಸರ್ವರ್‌ಗೆ ತಲುಪುವುದು ಸಂಖ್ಯೆ ಮಾತ್ರ. ಮ್ಯಾಕ್‌ನಲ್ಲಿ ಲತಾ ಎಂಬ ಬಳಕೆದಾರಳು ಬರೆದಿಟ್ಟ ಕಡತವನ್ನು ಲಿನಕ್ಸ್ ಸರ್ವರ್‌ನಲ್ಲಿ ನೋಡಿದರೆ ಮಾಲೀಕರ ಜಾಗದಲ್ಲಿ ಬರಿಯ ‘501’ ಕಾಣಬಹುದು. ಇನ್ನೂ ಕೆಟ್ಟ ಪ್ರಸಂಗವೆಂದರೆ, ಇಬ್ಬರ ಲಿನಕ್ಸ್ ಲ್ಯಾಪ್‌ಟಾಪ್‌ಗಳಲ್ಲೂ ಯುಐಡಿ 1000 ಇದ್ದಾಗ ಸರ್ವರ್‌ಗೆ ಇಬ್ಬರೂ ಒಬ್ಬರೇ. ಒಬ್ಬರ ಕಡತವನ್ನು ಇನ್ನೊಬ್ಬರು ಅಳಿಸಿದರೂ ಅದು ತಡೆಯುವುದಿಲ್ಲ. 4ನೇ ಆವೃತ್ತಿ ಒಡೆತನವನ್ನು ‘ಹೆಸರು@ಡೊಮೇನ್’ ರೂಪದಲ್ಲಿ ಕಳಿಸಬಲ್ಲದು. ಆದರೆ ಎರಡೂ ಕಡೆಯ ಡೊಮೇನ್ ಹೆಸರು ತಾಳೆಯಾಗದಿದ್ದರೆ ಕಡತಗಳ ಮಾಲೀಕ ‘ನೋಬಡಿ’ ಎಂದು ಕಾಣಿಸಿಕೊಳ್ಳುತ್ತಾನೆ.

ಹೊಂದಾಣಿಕೆಯ ವಿಧಾನಗಳು

ಆಂಡ್ರ್ಯೂ ಟ್ರಿಡ್ಜೆಲ್ 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದಲ್ಲಿ ಶುರುಮಾಡಿದ, ಯುನಿಕ್ಸ್ ಮಾದರಿಯ ಯಂತ್ರಗಳು ವಿಂಡೋಸ್‌ನೊಂದಿಗೆ ಕಡತ ಹಂಚಿಕೊಳ್ಳಲು ನೆರವಾಗುವ ಸಾಂಬಾ ತಂತ್ರಾಂಶದಲ್ಲಿ ಈ ಕೆಲಸ ‘ವಿನ್‌ಬೈಂಡ್’ ಎಂಬ ಭಾಗದ್ದು. ಅದರಲ್ಲಿ ಮೂರು ದಾರಿಗಳು ಮುಖ್ಯ.

ಟಿಡಿಬಿ: ಬಂದವರಿಗೆ ಬಂದ ಸರದಿಯಲ್ಲಿ ಸಂಖ್ಯೆ ಹಂಚಿ, ಸ್ಥಳೀಯ ಕಡತವೊಂದರಲ್ಲಿ ಬರೆದಿಡುತ್ತದೆ. ಒಂದೇ ಸರ್ವರ್ ಇದ್ದರೆ ಸಾಕು. ಎರಡಿದ್ದರೆ ಒಬ್ಬನಿಗೇ ಎರಡು ಸಂಖ್ಯೆ ಬರಬಹುದು; ಆ ಕಡತ ಕಳೆದುಹೋದರೆ ಒಡೆತನದ ಲೆಕ್ಕವೇ ಅಳಿಸಿಹೋಗುತ್ತದೆ.

ಆರ್‌ಐಡಿ: ಡೊಮೇನ್‌ಗೆ ಮೀಸಲಿಟ್ಟ ಸಂಖ್ಯಾಶ್ರೇಣಿಯ ಆರಂಭಕ್ಕೆ ಆರ್‌ಐಡಿಯನ್ನು ಕೂಡಿಸುತ್ತದೆ. ಶ್ರೇಣಿ 1,00,000ದಿಂದ ಶುರುವಾಗಿದ್ದು ಆರ್‌ಐಡಿ 1104 ಆಗಿದ್ದರೆ ಯುಐಡಿ 1,01,104. ಸಂರಚನೆ ಒಂದೇ ಇರುವ ಎಲ್ಲ ಯಂತ್ರಗಳಲ್ಲೂ ಇದೇ ಉತ್ತರ.

ಎಡಿ: ಸಂಖ್ಯೆಗಳನ್ನು ವಿಂಡೋಸ್ ಡೊಮೇನ್‌ನ ಖಾತೆಗಳ ಕೋಶವಾದ ಆಕ್ಟಿವ್ ಡೈರೆಕ್ಟರಿಯಲ್ಲೇ ನಮೂದಿಸಿಡುತ್ತಾರೆ. ಇದಕ್ಕೆ ಬೇಕಾದ ಗುಣಲಕ್ಷಣಗಳನ್ನು 1998ರ ಆರ್‌ಎಫ್‌ಸಿ 2307 ವಿವರಿಸಿದೆ. ನಿಯಂತ್ರಣ ಪೂರ್ತಿ ಕೈಯಲ್ಲಿರುತ್ತದೆ. ಪ್ರತಿ ಹೊಸ ಬಳಕೆದಾರನಿಗೂ ಸಂಖ್ಯೆ ತುಂಬುವ ಕೆಲಸವೂ ಇರುತ್ತದೆ.

ಲಿನಕ್ಸ್‌ನ ಎಸ್‌ಎಸ್‌ಎಸ್‌ಡಿ ಸೇವೆ ಡೊಮೇನ್‌ನ ಎಸ್‌ಐಡಿಯಿಂದ ಹ್ಯಾಶ್ ತೆಗೆದು, ರೂಢಿಯಂತೆ 2 ಲಕ್ಷ ಸಂಖ್ಯೆಗಳ ಒಂದು ತುಂಡನ್ನು ಆ ಡೊಮೇನ್‌ಗೆ ಮೀಸಲಿಡುತ್ತದೆ. ಅದರ ಸೂತ್ರವೇ ಬೇರೆಯಾದ್ದರಿಂದ, ಒಂದು ಯಂತ್ರದಲ್ಲಿ ವಿನ್‌ಬೈಂಡ್, ಇನ್ನೊಂದರಲ್ಲಿ ಎಸ್‌ಎಸ್‌ಎಸ್‌ಡಿ ಇಟ್ಟುಕೊಂಡರೆ ಒಬ್ಬನೇ ಬಳಕೆದಾರನಿಗೆ ಎರಡು ಯುಐಡಿ ಬರುವ ಸಂಭವವಿದೆ.

ಗುಂಪುಗಳ ವಿಶೇಷ

ವಿಂಡೋಸ್‌ನಲ್ಲಿ ಗುಂಪೂ ಕಡತದ ಮಾಲೀಕನಾಗಬಲ್ಲದು. ಯುನಿಕ್ಸ್‌ನಲ್ಲಿ ಮಾಲೀಕನ ಸ್ಥಾನ ಬಳಕೆದಾರನಿಗೆ ಮಾತ್ರ. ಆದ್ದರಿಂದ ಸಾಂಬಾದ ಕೆಲವು ವಿಧಾನಗಳು ಒಂದು ಗುಂಪಿಗೆ ಒಂದೇ ಸಂಖ್ಯೆಯನ್ನು ಯುಐಡಿಯಾಗಿಯೂ ಜಿಐಡಿಯಾಗಿಯೂ ಕೊಡುತ್ತವೆ. ಲಿನಕ್ಸ್‌ನಲ್ಲಿ ‘ಲತಾ’ ಎಂಬ ಬಳಕೆದಾರಳಿಗೆ ‘ಲತಾ’ ಎಂಬ ಗುಂಪಿರುವುದು ಮಾಮೂಲು; ವಿಂಡೋಸ್ ಡೊಮೇನ್‌ನಲ್ಲಿ ಒಂದೇ ಖಾತೆಯ ಹೆಸರನ್ನು ಬಳಕೆದಾರನಿಗೂ ಗುಂಪಿಗೂ ಕೊಡಲಾಗದು. ಹಳೆಯ ಎನ್‌ಎಫ್‌ಎಸ್ ಕ್ರಮದಲ್ಲಿ ಒಂದು ಕೋರಿಕೆಯೊಂದಿಗೆ 16 ಹೆಚ್ಚುವರಿ ಗುಂಪುಗಳಷ್ಟೇ ಸಾಗುತ್ತವೆ. 17ನೆಯ ಗುಂಪಿನ ಮೂಲಕ ಸಿಗಬೇಕಾದ ಅನುಮತಿ ಕಾರಣ ತಿಳಿಸದೆ ಕೈತಪ್ಪುತ್ತದೆ.

ನಿರ್ವಹಣೆ

ವಿಧಾನವನ್ನೂ ಶ್ರೇಣಿಯನ್ನೂ ಮೊದಲ ಕಡತ ಸರ್ವರ್‌ಗೆ ಬರುವ ಮುನ್ನವೇ ನಿಗದಿಪಡಿಸುವುದು ವಾಡಿಕೆ. ಶ್ರೇಣಿಯನ್ನು ಆಮೇಲೆ ಬದಲಿಸಿದರೆ ಬಳಕೆದಾರರಿಗೆ ಹೊಸ ಸಂಖ್ಯೆ ಬರುತ್ತದೆ, ಕಡತಗಳಲ್ಲಿ ಹಳೆಯದೇ ಉಳಿಯುತ್ತದೆ. ಆಗ ಪ್ರತಿ ಕಡತದ ಒಡೆತನವನ್ನೂ ‘ಚೋನ್’ ಆದೇಶದಿಂದ ತಿದ್ದಬೇಕಾಗುತ್ತದೆ. ಹಳೆಯ ಬ್ಯಾಕಪ್‌ಗಳಲ್ಲಿ ಮಾತ್ರ ಹಿಂದಿನ ಸಂಖ್ಯೆಗಳು ಹಾಗೆಯೇ ಇರುತ್ತವೆ.