ಕೆರೆ ಮೀನಿನ ಬ್ರಾಕೆಟ್ಟಲ್ಲಿ ಇರೋ ಹ್ಯಾಮಿಲ್ಟನ್ ಯಾರು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆ ಕೆರೆ ತುಂಬಿದ್ರೆ ಮೀನುಮರಿ ಬಿಡ್ತಾರೆ. ಅದರಲ್ಲಿ ರೋಹು, ಕಾಟ್ಲಾ ಇದ್ದೇ ಇರುತ್ತೆ. ರೋಹುವಿನ ವೈಜ್ಞಾನಿಕ ಹೆಸರನ್ನು ಫೋನಲ್ಲಿ ಹುಡುಕಿ: ಲೇಬಿಯೊ ರೋಹಿತ (ಹ್ಯಾಮಿಲ್ಟನ್, 1822). ಈ ಹ್ಯಾಮಿಲ್ಟನ್ ನಮ್ಮೂರುಗಳ ದಾರಿಯಲ್ಲೇ ಓಡಾಡಿದವರು. ಆಗ ಅವರ ಹೆಸರು ಬೇರೆ ಇತ್ತು.

1799ರಲ್ಲಿ ಟಿಪ್ಪು ಮಡಿದ ಮೇಲೆ, ಮೈಸೂರು ಸೀಮೆಯಲ್ಲಿ ಏನೇನಿದೆ ನೋಡಿಕೊಂಡು ಬರೋಕೆ ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ಡಾಕ್ಟರನ್ನು ಕಳಿಸಿದರು. ಅವರೇ ಫ್ರಾನ್ಸಿಸ್ ಬುಕಾನನ್. 1800ರಲ್ಲಿ ಮಧುಗಿರಿ, ಶಿರಾಗಳಿಗೂ ಬಂದರು. ಬೆಳೆ, ನೀರಾವರಿ, ದನ, ವ್ಯಾಪಾರ, ಎಲ್ಲವನ್ನೂ ಕೇಳಿ ಬರೆದುಕೊಂಡರು. ಅದು 1807ರಲ್ಲಿ ಮೂರು ಸಂಪುಟಗಳಾಗಿ ಬಂತು.

ಆಮೇಲೆ ಬಂಗಾಳ, ಬಿಹಾರದಲ್ಲಿ ಸರ್ವೆ ಮಾಡ್ತಾ ನದಿ ಮೀನುಗಳ ಬೆನ್ನು ಹತ್ತಿದರು. 1815ರಲ್ಲಿ ಭಾರತ ಬಿಟ್ಟರು. ತಾಯಿ ಕಡೆಯ ಆಸ್ತಿ ಬಂದಾಗ ಹ್ಯಾಮಿಲ್ಟನ್ ಅನ್ನೋ ಹೆಸರು ಇಟ್ಟುಕೊಂಡರು. ಗಂಗಾ ನದಿಯ ಮೀನುಗಳ ಬಗ್ಗೆ ಅವರ ಪುಸ್ತಕ 1822ರಲ್ಲಿ ಪ್ರಕಟವಾಯಿತು. ವಿಜ್ಞಾನಕ್ಕೆ ಹೊಸದಾದ ನೂರಕ್ಕೂ ಹೆಚ್ಚು ಪ್ರಭೇದಗಳು ಅದರಲ್ಲಿದ್ದವು.

ಹೊಸ ಪ್ರಭೇದ ಅಂತ ಹೇಳಿಬಿಟ್ಟರೆ ಸಾಲದು. ಮೀನನ್ನು ನೋಡೇ ಇಲ್ಲದವರಿಗೂ ಗುರುತು ಸಿಗೋ ಹಾಗೆ ಬರೀಬೇಕು: ಬಾಯಿ ಹೇಗಿದೆ, ಮೀಸೆ ಎಷ್ಟು, ರೆಕ್ಕೆಯಲ್ಲಿ ಕಡ್ಡಿ ಎಷ್ಟು, ಬಣ್ಣ ಯಾವುದು. ಈಗಾದರೆ ಒಂದು ಮಾದರಿಯನ್ನು ಮ್ಯೂಸಿಯಂನಲ್ಲಿ ಇಡಬೇಕು. ಹ್ಯಾಮಿಲ್ಟನ್ನರ ರೋಹುವಿಗೆ ಅಂಥ ಮಾದರಿ ಉಳಿದಿಲ್ಲ, ಅವರ ಬರಹ, ಚಿತ್ರಗಳೇ ಆಧಾರ. ಇನ್ನು ಆ ಬ್ರಾಕೆಟ್ ಯಾಕೆ? ಅವರು ರೋಹುವನ್ನು ಸಿಪ್ರಿನಸ್ ಅನ್ನೋ ಕುಲಕ್ಕೆ ಸೇರಿಸಿದ್ದರು, ಮುಂದೆ ಬಂದವರು ಲೇಬಿಯೊಗೆ ಬದಲಾಯಿಸಿದರು. ಕುಲ ಬದಲಾದರೆ ಮೊದಲು ವಿವರಿಸಿದವರ ಹೆಸರು ಬ್ರಾಕೆಟ್ಟಿಗೆ ಹೋಗುತ್ತೆ.

ರೋಹಿತ, ಕಾಟ್ಲಾ, ಮೃಗಾಲ ಇವೆಲ್ಲ ಹ್ಯಾಮಿಲ್ಟನ್ ಹುಟ್ಟಿಸಿದ ಪದಗಳಲ್ಲ. ಅಲ್ಲಿನ ಜನ ಕರೀತಿದ್ದ ಹೆಸರುಗಳನ್ನೇ ಅವರು ವಿಜ್ಞಾನಕ್ಕೆ ತಂದರು. ಹಾಗಾಗಿ ಬಂಗಾಳದ ಹೊಳೆದಂಡೆಯ ಮಾತು ಪ್ರಪಂಚದ ಪುಸ್ತಕಗಳಲ್ಲಿ ಉಳೀತು. ಹೇಳಿಕೊಟ್ಟ ಬೆಸ್ತರ ಹೆಸರಿಗೆ ಮಾತ್ರ ಬ್ರಾಕೆಟ್ಟಲ್ಲಿ ಜಾಗ ಸಿಗಲಿಲ್ಲ.

ರೋಹು, ಕಾಟ್ಲಾ ಮೂಲತಃ ನಮ್ಮ ಕೆರೆಯವಲ್ಲ, ಉತ್ತರದ ನದಿಗಳಿಂದ ಬಂದವು. ಅವಕ್ಕಿಂತ ಮೊದಲಿದ್ದ ಸಣ್ಣಪುಟ್ಟ ಮೀನುಗಳಿಗೆ ನಮ್ಮವರು ಏನಂತಿದ್ರು? ನಿಮ್ಮೂರಲ್ಲಿ ಬಲೆ ಬೀಸಿದ ಅಜ್ಜಂದಿರು ಇದ್ರೆ ಕೇಳಿ. ಮೀನಿನ ಫೋಟೋ ತೆಗೆದು, ಅವರು ಹೇಳಿದ ಹೆಸರನ್ನು ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿ. ಹೇಳಿದವರು ಯಾರು, ಯಾವ ಕೆರೆ, ಯಾವ ದಿನ ಅನ್ನೋದನ್ನೂ ಜೊತೆಗೆ ಬರೆದಿಡಿ.