ಉಬ್ಬಸದ ಮಕ್ಕಳು ಮತ್ತು ತೆರುಕೊ ಇಶಿಜಾಕಾ

ಅಮೆರಿಕದ ಡೆನ್ವರ್ ನಗರದಲ್ಲಿ ಉಬ್ಬಸದ ಮಕ್ಕಳಿಗೆಂದೇ ಒಂದು ವಸತಿ ಆಸ್ಪತ್ರೆ ಇತ್ತು. ಕ್ಷಯರೋಗಿಗಳ ಮಕ್ಕಳಿಗೆ ನೆರಳಾಗಲೆಂದು ಯಹೂದಿ ಸಮುದಾಯದವರು ಕಟ್ಟಿದ್ದ ಮನೆ ಅದು. ಕ್ಷಯದ ಹಾವಳಿ ತಗ್ಗಿದ ಮೇಲೆ, ಯಾವ ಔಷಧಕ್ಕೂ ಬಗ್ಗದ ಆಸ್ತಮಾ ಇದ್ದ ಮಕ್ಕಳು ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಬರತೊಡಗಿದರು. ಬಂದವರು ತಿಂಗಳುಗಟ್ಟಲೆ, ಕೆಲವರು ಎರಡು ವರ್ಷದವರೆಗೂ ಅಪ್ಪ ಅಮ್ಮನಿಂದ ದೂರ ಇರಬೇಕಿತ್ತು. ಆ ದೂರವೇ ಚಿಕಿತ್ಸೆ ಎಂದು ಮರೆ ಪೆಶ್ಕಿನ್ ಎಂಬ ವೈದ್ಯರು ನಂಬಿದ್ದರು. ಷಿಕಾಗೋದ ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ ಅವರಂಥವರು ಮಗುವಿನ ಏದುಸಿರನ್ನು ತಾಯಿಗಾಗಿ ಒಳಗೇ ಅದುಮಿಟ್ಟ ಅಳು ಎಂದು ವಿವರಿಸುತ್ತಿದ್ದ ಕಾಲ. ಮಗುವಿಗೆ ಉಬ್ಬಸ ಬಂದರೆ ಅಪವಾದ ತಾಯಿಯ ತಲೆಗೆ ಬರುತ್ತಿತ್ತು.

ಈ ಆಸ್ಪತ್ರೆಯ ಸಂಶೋಧನಾ ವಿಭಾಗಕ್ಕೆ 1962ರಲ್ಲಿ ಜಪಾನಿನಿಂದ ವೈದ್ಯ ದಂಪತಿಯೊಂದು ಬಂತು: ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ. ತೆರುಕೊ ಒಬ್ಬ ಮಗನ ತಾಯಿಯೂ ಆಗಿದ್ದರು.

ತೆರುಕೊ ಹುಟ್ಟಿದ್ದು 1926ರಲ್ಲಿ, ಯಮಗಾಟದಲ್ಲಿ. ಅವರು 1949ರಲ್ಲಿ ಓದು ಮುಗಿಸಿದ ಟೋಕಿಯೊ ಮಹಿಳಾ ವೈದ್ಯಕೀಯ ಶಾಲೆಯ ಕಥೆಯನ್ನು ಇಲ್ಲಿ ಹೇಳಲೇಬೇಕು. ತಾವು ಕಲಿತಿದ್ದ ಕಾಲೇಜು ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದಾಗ ಯೊಶಿಯೊಕಾ ಯಾಯೊಯಿ ಎಂಬ ವೈದ್ಯೆ 1900ರಲ್ಲಿ ಈ ಶಾಲೆಯನ್ನು ತೆರೆದರು. ಎರಡು ವರ್ಷದ ನಂತರ ತಮಗೆ ಹೆರಿಗೆಯಾಗುವಾಗ ವಿದ್ಯಾರ್ಥಿನಿಯರನ್ನು ಸುತ್ತ ಕೂರಿಸಿಕೊಂಡು ಅದನ್ನೇ ಪಾಠವಾಗಿಸಿದರು. ಗುರು ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ದಿಟ್ಟ ಉದಾಹರಣೆ ಸಿಗುವುದು ಕಷ್ಟ. ತೆರುಕೊ ಬೆಳೆದದ್ದು ಆ ಪರಂಪರೆಯಲ್ಲಿ. ಮುಂದೆ 1957ರಿಂದ ಎರಡು ವರ್ಷ ಗಂಡ ಹೆಂಡತಿ ಇಬ್ಬರೂ ಕ್ಯಾಲಿಫೋರ್ನಿಯಾದಲ್ಲಿ ಡ್ಯಾನ್ ಕ್ಯಾಂಪ್‌ಬೆಲ್ ಅವರ ಕೈಕೆಳಗೆ ರೋಗನಿರೋಧ ಶಾಸ್ತ್ರದಲ್ಲಿ ಪಳಗಿದರು.

ಡೆನ್ವರಿನಲ್ಲಿ ಅವರು ಕೈಗೆತ್ತಿಕೊಂಡದ್ದು ನಾಲ್ಕು ದಶಕದ ಹಳೆಯ ಒಗಟು. 1921ರಲ್ಲಿ ಜರ್ಮನಿಯ ಕಾರ್ಲ್ ಪ್ರಾಸ್ನಿಟ್ಸ್, ಮೀನು ತಿಂದರೆ ಆಗದ ತಮ್ಮ ಸಹೋದ್ಯೋಗಿ ಹೈನ್ಸ್ ಕ್ಯೂಸ್ಟ್‌ನರ್ ಅವರ ರಕ್ತದ ಸೀರಮ್ಮನ್ನು ತಮ್ಮ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡಿದ್ದರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದರೆ ದದ್ದು ಎದ್ದಿತು. ಹಾಗಾದರೆ ಅಲರ್ಜಿ ಹೊತ್ತು ತರುವ ವಸ್ತು ರಕ್ತದಲ್ಲಿದೆ. ಆದರೆ ಯಾವುದು? ಆಗ ಗೊತ್ತಿದ್ದ ಪ್ರತಿಕಾಯಗಳಲ್ಲಿ ಐಜಿಎ ಇರಬೇಕೆಂದು ಹಲವರು ನಂಬಿದ್ದರು. ಇಶಿಜಾಕಾ ದಂಪತಿ ಸೀರಮ್ಮಿನಿಂದ ಐಜಿಎಯನ್ನು ತೆಗೆದುಹಾಕಿ ನೋಡಿದರು. ಅಲರ್ಜಿಯ ಶಕ್ತಿ ಹಾಗೆಯೇ ಉಳಿದಿತ್ತು.

ಅವರು ಹುಡುಕುತ್ತಿದ್ದ ವಸ್ತು ರಕ್ತದಲ್ಲಿ ಇರುವುದೇ ಅತ್ಯಲ್ಪ, ಮಿಲಿಲೀಟರಿಗೆ ನ್ಯಾನೊಗ್ರಾಂ ಲೆಕ್ಕದಲ್ಲಿ. ರ‍್ಯಾಗ್‌ವೀಡ್ ಎಂಬ ಕಳೆಯ ಪರಾಗಕ್ಕೆ ಅಲರ್ಜಿ ಇದ್ದವರ ಸೀರಮ್ಮನ್ನು ಸೋಸಿ ಸೋಸಿ, ಆ ಭಾಗವನ್ನು ಮೊಲಗಳಿಗೆ ಚುಚ್ಚಿ ಅದರ ವಿರುದ್ಧ ಪ್ರತಿಕಾಯ ಬೆಳೆಸಿದರು. ಪರೀಕ್ಷೆಗೆ ಒಡ್ಡಿದ್ದು ತಮ್ಮದೇ ಚರ್ಮವನ್ನು. 1966ರಲ್ಲಿ ಹೊಸ ಬಗೆಯ ಪ್ರತಿಕಾಯ ಸಿಕ್ಕಿದೆ ಎಂದು ಪ್ರಕಟಿಸಿದರು. ಮರುವರ್ಷ ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಕ್ ಬೇರೆ ದಾರಿಯಿಂದ ಅದೇ ಪ್ರೋಟೀನಿಗೆ ಬಂದು ತಲುಪಿದರು. 1968ರಲ್ಲಿ ಲೊಸಾನ್ ನಗರದ ಸಭೆಯಲ್ಲಿ ಅದಕ್ಕೆ ಐಜಿಇ ಎಂಬ ಹೆಸರು ನಿಂತಿತು. (ರ‍್ಯಾಗ್‌ವೀಡ್ ಮತ್ತು ನಮ್ಮ ಬಯಲುಗಳನ್ನು ಆವರಿಸಿರುವ ಕಾಂಗ್ರೆಸ್ ಗಿಡ ಒಂದೇ ಕುಟುಂಬದವು; ಎರಡರ ಪರಾಗಕ್ಕೂ ಒಂದೇ ಪ್ರತಿಕಾಯಗಳು ಅಂಟಿಕೊಳ್ಳಬಲ್ಲವು ಎಂಬುದನ್ನು ತೋರಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಇದ್ದಾರೆ.)

ಇಲ್ಲಿಗೆ ಕಥೆ ಮುಗಿಸಿ ‘ದಂಪತಿಯ ಸಾಧನೆ’ ಎಂದು ಬರೆಯುವುದು ಸುಲಭ. ಹಾಗೆ ಮಾಡಿದರೆ ತೆರುಕೊ ಅವರ ಪಾಲಿನ ಅರ್ಧ ಕೆಲಸ ಮರೆಯಾಗುತ್ತದೆ. 1970ರಲ್ಲಿ ಇಬ್ಬರೂ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯಕ್ಕೆ ಹೋದರು. ಐಜಿಇ ಹೇಗೆ ತಯಾರಾಗುತ್ತದೆ, ಅದನ್ನು ಹತೋಟಿಯಲ್ಲಿಡುವುದು ಹೇಗೆ ಎಂಬುದರ ಬೆನ್ನುಹತ್ತಿದವರು ಕಿಮಿಶಿಗೆ. ತಯಾರಾದ ಐಜಿಇ ದೇಹದಲ್ಲಿ ಏನು ಮಾಡುತ್ತದೆ ಎಂಬುದು ತೆರುಕೊ ಅವರ ಕ್ಷೇತ್ರವಾಯಿತು. ಮಾಸ್ಟ್ ಎಂಬ ಕೋಶಗಳ ಮೈಮೇಲಿನ ಗ್ರಾಹಕಗಳಲ್ಲಿ ಐಜಿಇ ಕೂರುತ್ತದೆ. ಪರಾಗದ ಕಣ ಬಂದು ಅಕ್ಕಪಕ್ಕದ ಎರಡನ್ನು ಸೇತುವೆಯಂತೆ ಬೆಸೆದರೆ ಕೋಶದೊಳಗಿನ ಹಿಸ್ಟಮಿನ್ ಎಂಬ ರಾಸಾಯನಿಕ ಹೊರಚೆಲ್ಲುತ್ತದೆ. ಸೀನು, ದದ್ದು, ಉಬ್ಬಸ ಎಲ್ಲ ಆಮೇಲಿನದು. ಈ ಸರಪಳಿಯ ಕೊಂಡಿಗಳನ್ನು ಅವರು ವರ್ಷಗಟ್ಟಲೆ ಕೂತು ಬಿಡಿಸಿದರು. 1973ರಲ್ಲಿ ಕೆನಡಾದ ಗೇರ್ಡ್ನರ್ ಪ್ರಶಸ್ತಿ ಇಬ್ಬರ ಹೆಸರಿಗೂ ಬಂತು.

1980ರ ದಶಕದಲ್ಲಿ ತೆರುಕೊ ಅವರ ಪ್ರಯೋಗಶಾಲೆಯಲ್ಲಿ ಮಾನವ ಮಾಸ್ಟ್ ಕೋಶಗಳನ್ನು ಹೊಕ್ಕುಳಬಳ್ಳಿಯ ರಕ್ತದಿಂದ ಬೆಳೆಸುವ ಪ್ರಯತ್ನ ಫಲಿಸಿತು. ಅಲ್ಲಿ ಅವರ ಬಳಿ ಕೆಲಸ ಕಲಿತವರಲ್ಲಿ ಮಕ್ಕಳ ವೈದ್ಯ ಹಿರೋಹಿಸಾ ಸಾಯಿತೊ ಒಬ್ಬರು. ಅವರು ಟೋಕಿಯೊಗೆ ಮರಳಿ ಮಕ್ಕಳ ಅಲರ್ಜಿ ಸಂಶೋಧನೆಯನ್ನೇ ಕಟ್ಟಿ ನಿಲ್ಲಿಸಿದರು.

ಗಂಡನ ಕೆಲಸದ ಊರಿಗೆ ಹೆಂಡತಿ ಹೋಗುವುದು ವಿಜ್ಞಾನದಲ್ಲೂ ರೂಢಿ. ಇಶಿಜಾಕಾ ದಂಪತಿ ಮಾತ್ರ ಡೆನ್ವರ್, ಬಾಲ್ಟಿಮೋರ್, ಆಮೇಲೆ ಕ್ಯಾಲಿಫೋರ್ನಿಯಾದ ಲಾ ಹೋಯ ಎಲ್ಲ ಕಡೆಯೂ ಇಬ್ಬರೂ ಸಂಶೋಧಕರಾಗಿಯೇ ನೆಲೆನಿಂತರು. ಕೊನೆಗೆ 1996ರಲ್ಲಿ ನಿವೃತ್ತರಾದಾಗ ಹೋಗಿ ನೆಲೆಸಿದ್ದು ತೆರುಕೊ ಅವರ ಊರಾದ ಯಮಗಾಟದಲ್ಲಿ. ಕಿಮಿಶಿಗೆ 2018ರಲ್ಲಿ, ತೆರುಕೊ 2019ರಲ್ಲಿ ತೀರಿಕೊಂಡರು.

ಅದಕ್ಕೂ ಮೊದಲು, 2003ರಲ್ಲಿ, ತೀವ್ರ ಆಸ್ತಮಾಗೆ ಒಮಲಿಜುಮ್ಯಾಬ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತ್ತು. ರಕ್ತದಲ್ಲಿ ಅಲೆಯುವ ಐಜಿಇ ಮಾಸ್ಟ್ ಕೋಶದ ಮೇಲೆ ಕೂರುವ ಮುನ್ನವೇ ಅದನ್ನು ಹಿಡಿದು ನಿಲ್ಲಿಸುವ ಔಷಧ ಅದು. ಅದನ್ನು ಪಡೆಯಲು ಯಾವ ಮಗುವೂ ಮನೆ ಬಿಟ್ಟು ವರ್ಷಗಟ್ಟಲೆ ದೂರ ಇರಬೇಕಾಗಿಲ್ಲ.