ನಂಜುಂಡಪ್ಪ ವರದಿಯ ಅಳತೆಗೋಲು: ಒಂದು ಟಿಪ್ಪಣಿ

ಪ್ರಾದೇಶಿಕ ಅಸಮತೋಲನದ ಮಾತು ಬಂದಾಗಲೆಲ್ಲ ನಂಜುಂಡಪ್ಪ ವರದಿಯನ್ನು ಉಲ್ಲೇಖಿಸುತ್ತೇವೆ. ಅದರ ಸೂಚ್ಯಂಕ ಏನನ್ನು ಅಳೆಯುತ್ತದೆ ಎಂದು ಕೇಳುವುದು ಕಡಿಮೆ. ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕೃಷಿ, ಕೈಗಾರಿಕೆ, ಮೂಲಸೌಕರ್ಯ, ಶಿಕ್ಷಣ, ಆರೋಗ್ಯ, ಜನಸಂಖ್ಯೆಗೆ ಸೇರಿದ 35 ಸೂಚಕಗಳನ್ನು ಒಗ್ಗೂಡಿಸಿ ಆಗಿನ 175 ತಾಲ್ಲೂಕುಗಳನ್ನು ಅಳೆಯಿತು. ರಾಜ್ಯದ ಸರಾಸರಿಗೆ 1 ಅಂಕ. ಅದಕ್ಕಿಂತ ಕೆಳಗಿದ್ದವು 114: ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಹಿಂದುಳಿದವು 35.

ಈ 114ರಲ್ಲಿ ಉತ್ತರ ಕರ್ನಾಟಕದವು 59, ದಕ್ಷಿಣದವು 55. ಮೇಲ್ನೋಟಕ್ಕೆ ಸಮಪಾಲು. ಆದರೆ ಕಟ್ಟಕಡೆಯ 39ರಲ್ಲಿ 21 ತಾಲ್ಲೂಕುಗಳು ಕಲಬುರಗಿ ವಿಭಾಗವೊಂದರಲ್ಲೇ ಇದ್ದವು; ಆ ವಿಭಾಗದ ಒಟ್ಟು ತಾಲ್ಲೂಕುಗಳೇ 31. ಬೆಂಗಳೂರಿನ ಮಗ್ಗುಲಲ್ಲಿರುವ ಕನಕಪುರ, ಮಾಗಡಿಗಳೂ ಅದೇ 39ರಲ್ಲಿವೆ. ಜಿಲ್ಲಾ ಸರಾಸರಿಯನ್ನು ನೆಚ್ಚಿಕೊಂಡಿದ್ದರೆ ಇವು ಕಣ್ಣಿಗೆ ಬೀಳುತ್ತಿರಲಿಲ್ಲ. ತಾಲ್ಲೂಕು ಮಟ್ಟದಲ್ಲಿ ಅಳೆದದ್ದೇ ವರದಿಯ ನಿಜವಾದ ಹೆಚ್ಚುಗಾರಿಕೆ. (ಅಂದು ದಾವಣಗೆರೆ ಜಿಲ್ಲೆಯಲ್ಲಿದ್ದು ದಕ್ಷಿಣದ ಲೆಕ್ಕಕ್ಕೆ ಸೇರಿದ್ದ ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹಳೆಯ ಎಣಿಕೆಯನ್ನು ಇಂದಿನ ನಕ್ಷೆಯ ಮೇಲೆ ಹಾಗೆಯೇ ಹೊದಿಸಲಾಗದು.)

ತೊಡಕಿರುವುದು ಸರಾಸರಿಗೆ ಕೊಟ್ಟ ಆ 1 ಅಂಕದಲ್ಲಿ. ಸರಾಸರಿಯನ್ನೇ ಗೆರೆಯಾಗಿಸಿದರೆ ಸೂಚ್ಯಂಕ ಹೇಳುವುದು ಸಾಪೇಕ್ಷ ಸ್ಥಾನವನ್ನು, ಕೊರತೆಯನ್ನಲ್ಲ. ಶಾಲೆ, ಆಸ್ಪತ್ರೆ, ನೀರಾವರಿ ಎಲ್ಲದರಲ್ಲೂ ಮುಂದೆ ಬಂದ ತಾಲ್ಲೂಕು, ಬೆಂಗಳೂರು ಇನ್ನೂ ವೇಗವಾಗಿ ಬೆಳೆದರೆ, ಅಂಕದಲ್ಲಿ ಹಿಂದೆ ಸರಿಯಬಹುದು. ಸಮಿತಿ ಎಂಟು ವರ್ಷಗಳಿಗೆ 31,000 ಕೋಟಿ ರೂಪಾಯಿಯ ಯೋಜನೆ ಸೂಚಿಸಿತ್ತು. ಅದು ಎಷ್ಟು ಫಲಿಸಿತು ಎಂದು ಇದೇ ಸೂಚ್ಯಂಕದಿಂದ ತೀರ್ಮಾನಿಸುವುದು ಸರಿಯಲ್ಲ.

ಎರಡನೆಯ ಮಿತಿ ತಾಲ್ಲೂಕಿನ ಒಳಗಿನದು. 39ರ ಪಟ್ಟಿಯಲ್ಲಿದ್ದ ಪಾವಗಡವನ್ನೇ ನೋಡಿ. ಅಲ್ಲೀಗ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಸುಮಾರು 13,000 ಎಕರೆಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಯಿತು. ಮಳೆಯನ್ನೇ ನಂಬಿದ ಬರದ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ, ಭೂಸ್ವಾಧೀನಕ್ಕಿಂತ ನ್ಯಾಯವಾದ ದಾರಿಯೂ ಹೌದು. ಆದರೆ ಬಾಡಿಗೆ ಸಲ್ಲುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಅದರಲ್ಲಿ ಪಾಲಿಲ್ಲ. ತಾಲ್ಲೂಕಿನ ತಲಾದಾಯ ಏರಿದರೂ ಈ ವ್ಯತ್ಯಾಸ ಅದರಲ್ಲಿ ಕಾಣಿಸದು.

ಪ್ರಾದೇಶಿಕ ಅಸಮತೋಲನದ ಮರುಪರಿಶೀಲನೆಗೆ 2024ರಲ್ಲಿ ಎಂ. ಗೋವಿಂದ ರಾವ್ ಅಧ್ಯಕ್ಷತೆಯ ಸಮಿತಿ ರಚನೆಯಾಯಿತು. ಹೊಸ ಅಳತೆಯಲ್ಲಿ ಸರಾಸರಿಯ ಜೊತೆಗೆ ಬದಲಾಗದ ಗೆರೆಗಳೂ ಇರಬೇಕು: ಪ್ರೌಢಶಾಲೆಗೆ ಇರುವ ದೂರ, ರಕ್ತಹೀನತೆಯ ಪ್ರಮಾಣ, ಭೂರಹಿತ ಕುಟುಂಬಕ್ಕೆ ವರ್ಷದಲ್ಲಿ ಸಿಗುವ ಕೂಲಿಯ ದಿನಗಳು.